ಇಲ್ಲಿ ಗೊತ್ತಾಗ್ತದೇನು

ಯುಗಾದಿಗೆ ಮಾಳಗಿ ಏರಿದ ನನ್ನ ಹಾಸಿಗಿ
ಎಳ್ಳಮಾಸಿ ಬಂದ್ರೂ ಕೆಳಗ ಇಳೀಲಿಲ್ಲ.
ಕಲಬುರಗಿ ಬಿಸಲು ಅಂದ್ರ ಯಾರೂ ಕಾರಣ ಕೇಳಂಗಿಲ್ಲ,
ಎರಡು ತಿಂಗಳು ಅದೇ ನನ್ನ ಪರವಾಗಿ ಸುಳ್ಳು ಹೇಳಿತು.
ಆಮ್ಯಾಲ ಮಳಿ. ತಗಡಿನ ಕೆಳಗ ಸರಿದೆ.
ಆಮ್ಯಾಲ ಥಂಡಿ. ಎರಡು ಕೌದಿ ಹೊದ್ದು
"ಮ್ಯಾಲ ಗಾಳಿ ಚೊಲೊ ಅದ" ಅಂದೆ.
ಜಗದೇವಿ ಮೂರನೇ ಕೌದಿ ತಂದು
ಮೆಟ್ಟಲ ಮ್ಯಾಲ ಇಟ್ಟು ಹೋದಳು.
ಏನೂ ಅನ್ನಲಿಲ್ಲ.
ಅಂದಿದ್ರ ಚೊಲೊ ಇತ್ತು.

ಕಪನೂರಿನ ದಾಲ್ ಮಿಲ್ಲಿನಾಗ ನಾನು ಆಪರೇಟರ್.
ತೊಗರಿಗೆ ಎಣ್ಣಿ ಹಚ್ಚಿ, ನೀರು ಕುಡಿಸಿ, ಒಣಗಿಸಿ
ರೋಲರಿಗೆ ಬಿಟ್ರ ಸಿಪ್ಪಿ ಬ್ಯಾರೆ, ಬ್ಯಾಳಿ ಬ್ಯಾರೆ.
ದಿನಾ ನೂರು ಚೀಲ ಒಡೀತೀನಿ.
ಒಂದು ಮಾತು ಮಾತ್ರ
ಬಾಯಾಗ ಇಡೀ ಕಾಳಾಗೇ ಉಳೀತು.

ಸಕ್ರಿ ಬ್ಯಾನಿ, ಒಂಬತ್ತು ವರ್ಷ.
ಮೊದಲು ಚಹಾದಾಗಿನ ಸಿಹಿ ಹೋತು, ಆಮ್ಯಾಲ ಹೋಳಗಿ,
ಆಮ್ಯಾಲ ಅಂಗಾಲು.
ಚಪ್ಪಲಿ ಕಳಚಿದ್ದು ಹತ್ತು ಹೆಜ್ಜಿ ಆದಮ್ಯಾಲ ತಿಳೀತಿತ್ತು.
ಆಮ್ಯಾಲ ಒಂದು ರಾತ್ರಿ,
ಮಕ್ಕಳು ಎಚ್ಚರಾಗಬಾರದಂತ ಅಕಿ ಬಳಿ ಸೆರಗಿನಾಗ ಸುತ್ತಿಕೊಂಡ ರಾತ್ರಿ,
ನಾ ಕರದೆ, ಮೈ ಬರಲಿಲ್ಲ.
ದಣಿವು ಅಂದೆ. ಡಬಲ್ ಶಿಫ್ಟ್ ಅಂದೆ.
ನಾಕನೇ ಸಲ ಬರೂಕಿಂತ ಮೊದಲ
ಹಾಸಿಗಿ ಸುತ್ತಿಕೊಂಡು ಮ್ಯಾಲ ಹೋದೆ.

ಬಸ್ ಸ್ಟ್ಯಾಂಡಿನ ಹಿಂದಿನ ಗ್ವಾಡಿ ಮ್ಯಾಲ ಕೆಂಪು ಅಕ್ಷರ:
ಪುರುಷರ ಗುಪ್ತ ಸಮಸ್ಯೆ, ಪ್ರತಿ ಮಂಗಳವಾರ, ಲಾಡ್ಜಿನ ಹನ್ನೊಂದನೇ ರೂಮು.
ಮೆಟ್ಟಲ ಮ್ಯಾಲ ಆರು ಮಂದಿ, ಆರೂ ಮಂದಿ ನೆಲ ನೋಡಕೊತ.
ಒಬ್ಬನ ಅಂಗಿ ಮ್ಯಾಲ ತೊಗರಿ ಧೂಳು.
ನಮ್ಮ ಮಿಲ್ಲಿನ ಹಮಾಲ, ಮೌಲಾಲಿ!
ಅವ ನನ್ನ ನೋಡಲಿಲ್ಲ, ನಾ ಅವನ ನೋಡಲಿಲ್ಲ.
ಮರುದಿನ ಒಂದು ಚಹಾ ಎರಡು ಬಸಿಗೆ ಸುರದು
ಮಳಿ ಬಗ್ಗೆ ಮಾತಾಡಿದ್ವಿ.
ಮೂರು ಸಾವಿರದ ಕರೇ ಚೂರ್ಣ. ತಿಂಗಳೊಳಗ ಸಕ್ರಿ ನಾನೂರು.

ಆ ಪುಡಿಕಿ ಜಗದೇವಿಗೆ ಸಿಕ್ತು, ಎಳ್ಳಮಾಸಿ ಹಿಂದಿನ ರಾತ್ರಿ.
ಭಜ್ಜಿಗೆ ಪಲ್ಯ ಸೋಸೂದು ಅಲ್ಲೇ ಬಿಟ್ಟು
ಕೈತುಂಬ ಮೆಂತ್ಯದ ವಾಸನಿ ಹೊತ್ತು ಮಾಳಗಿಗೆ ಬಂದಳು.
"ಅಕಿ ಹೆಸರು ಹೇಳು."
ಇಪ್ಪತ್ತೊಂದು ವರ್ಷದಾಗ ಮೊದಲ ಸಲ ಏಕವಚನ.
ಅಕಿ ಅಂಬಾಕಿ ಯಾರೂ ಇಲ್ಲ, ಜಗದೇವಿ.
ಇದ್ದಿದ್ರ ಹೇಳೂದು ಸಸಾರ ಇತ್ತು.
ಇಲ್ಲದ್ದನ್ನ ಹೆಂಗ ಹೇಳಲಿ ಅಂತ
ಹೇಳಿದೆ.

ಬಾಳ ಹೊತ್ತು ಕೂತಳು. ಆಮ್ಯಾಲ,
"ಹತ್ತು ತಿಂಗಳು ಕನ್ನಡಿ ನೋಡೀನಿ,
ಎಲ್ಲಿ ಮುದುಕಿ ಆದೆ ಅಂತ ಹುಡುಕೀನಿ.
ಬ್ಯಾನಿ ನಿಂದು. ಶಿಕ್ಷಾ ನನಗ್ಯಾಕ?"

ದವಾಖಾನಿಯ ಡಾಕ್ಟರಮ್ಮ ಸಣ್ಣಾಕಿ, ನಾಚಲಿಲ್ಲ.
"ಬೆಳಿಗ್ಗೆ ಎದ್ದಾಗ ಗಟ್ಟಿಯಾಗುತ್ತದೆಯೇ?" ಅಂತ ಕೇಳಿದಳು,
ಹಸಿವು ಆಗ್ತದೇನು ಅಂತ ಕೇಳಿದಷ್ಟೇ ಸರಳ.
ನಾ ಫ್ಯಾನ್ ನೋಡಿದೆ.
ಜಗದೇವಿ ಉತ್ತರ ಕೊಟ್ಟಳು.
"ಸಕ್ಕರೆ ಇಳಿಯಲಿ. ಗುಳಿಗೆ ಇದೆ, ಮೊದಲು ಎದೆ ಪರೀಕ್ಷೆ ಆಗಬೇಕು.
ಪೂರ್ತಿ ಮೊದಲಿನಂತೆ ಆಗದೆಯೂ ಇರಬಹುದು.
ದಿನಾ ರಾತ್ರಿ ಪಾದ ನೋಡಿಕೊಳ್ಳಿ, ಗಾಯ ತಿಳಿಯುವುದಿಲ್ಲ."

ಹಾಸಿಗಿ ಕೆಳಗ ಬಂತು.
ಈಗ ಊಟ ಆದಮ್ಯಾಲ ಅಕಿ ಟಾರ್ಚ್ ಹಿಡಿದು
ಬೆರಳ ಸಂದಿ ಸಂದಿ ನೋಡ್ತಾಳ,
ಬ್ಯಾಳಿಯೊಳಗ ಹಳ್ಳ ಹುಡುಕಿದಂಗ.
"ಇಲ್ಲಿ ಗೊತ್ತಾಗ್ತದೇನು?"
ಇಲ್ಲ.
"ಇಲ್ಲಿ?" ಹಿಮ್ಮಡ. ಇಲ್ಲ.
ಹರಡು. ದೂರದಾಗ ಯಾರೋ ಕರದಂಗ.
ಮೊಳಕಾಲು. ಹೂಂ.

ಡಾಕ್ಟರಮ್ಮ ಹೇಳಿದ್ದು ಪಾದ ಅಷ್ಟೇ.
ಟಾರ್ಚ್ ಆರಿಸಿ ಅಕಿ ಮತ್ತ ಕೇಳ್ತಾಳ, "ಇಲ್ಲಿ?"
ಬಳಿ ಸಪ್ಪಳ ಮಾಡ್ತಾವ.
ಸೆರಗಿನಾಗ ಸುತ್ತಿಕೊಂಡಿಲ್ಲ.